ಮೊದಲ ವರ್ಷದ ಅಂಕಗಳೆಂಬ ಮಿಥ್ಯಾಪ್ರಮಾಣ

ಪ್ರೊ ಕಬಡ್ಡಿ ಲೀಗಿನ ಯಾವ ಆವೃತ್ತಿಯೇ ಆಗಲಿ, ಅದು ಅರ್ಧ ದಾರಿಯನ್ನು ಸವೆಸುತ್ತಿದ್ದಂತೆಯೇ, ಬಾಗಲಕೋಟೆಯ ನವನಗರದಿಂದ ಹುನಗುಂದದ ಚಹದಂಗಡಿಗಳವರೆಗೆ, ಇಳಕಲ್ಲಿನ ನೇಕಾರ ಓಣಿಗಳಿಂದ ಬಾದಾಮಿಯ ಪೇಟೆಯವರೆಗೆ, ತರುಣರು ನಾಲ್ವರು ಕೂಡಿದೆಡೆಯಲ್ಲೆಲ್ಲ ಒಂದೇ ವಾದ ಮೊದಲಾಗುತ್ತದೆ: ಈ ಸಲ ಪ್ರಥಮ ಬಾರಿಗೆ ಅಂಕಣಕ್ಕೆ ಇಳಿದ ಹುಡುಗರಲ್ಲಿ ಶ್ರೇಷ್ಠನು ಯಾರು, ವರ್ಷಾಂತ್ಯದಲ್ಲಿ ಹೊಸಬರಿಗೆಂದು ಮೀಸಲಾದ ಪ್ರಶಸ್ತಿ ಯಾರಿಗೆ ಸಲ್ಲತಕ್ಕದ್ದು? ವಾದ ಮಾಡುವುದರಲ್ಲಿ ದೋಷವೇನೂ ಇಲ್ಲ. ಆಟವನ್ನು ಪ್ರೀತಿಸುವ ಜನ ಆಟಗಾರರನ್ನು ತೂಗಿ ನೋಡುವುದು ಸಹಜವೇ. ಆದರೆ ಆ ವಾದ ಇತ್ಯರ್ಥವಾಗುವ ಬಗೆಯಿದೆಯಲ್ಲ, ಅದು ನನ್ನನ್ನು ಬಹುಕಾಲದಿಂದ ಬಾಧಿಸುತ್ತ ಬಂದಿದೆ. ಯಾರೋ ಒಬ್ಬನು ಜೇಬಿನಿಂದ ಮೊಬೈಲು ತೆಗೆಯುತ್ತಾನೆ, ಇಬ್ಬರು ಮೂವರು ರೇಡರುಗಳ ಹೆಸರಿನ ಮುಂದಿರುವ ಅಂಕಗಳನ್ನು ಓದಿ ಹೇಳುತ್ತಾನೆ, ಯಾರದು ಹೆಚ್ಚೋ ಅವನೇ ಶ್ರೇಷ್ಠನೆಂದು ಸಾರುತ್ತಾನೆ. ಅಲ್ಲಿಗೆ ಎಲ್ಲರೂ ತೃಪ್ತರು. ದೂರದರ್ಶನದ ವ್ಯಾಖ್ಯಾನಕಾರರೂ ಇದನ್ನೇ ಹೇಳುತ್ತಾರೆ, ಪತ್ರಿಕೆಗಳ ಕ್ರೀಡಾಪುಟಗಳೂ ಇದನ್ನೇ ಮುದ್ರಿಸುತ್ತವೆ, ಊರಿನ ಪಂದ್ಯಾವಳಿಯ ಸಂಘಟಕರೂ ಇದನ್ನೇ ಅನುಸರಿಸುತ್ತಾರೆ. ಹೊಸಬನ ಯೋಗ್ಯತೆಯನ್ನು ಅವನ ಮೊದಲನೆಯ ವರ್ಷದ ಅಂಕಗಳ ಮೊತ್ತವೇ ನಿರ್ಣಯಿಸುತ್ತದೆ ಎಂಬ ಈ ನಂಬಿಕೆಯನ್ನು ಪ್ರಶ್ನಿಸುವವರು ನಮ್ಮ ನಡುವೆ ಇಲ್ಲವೆಂದೇ ಹೇಳಬೇಕು.

ಈ ನಂಬಿಕೆ ಅಸತ್ಯವಾದದ್ದು. ಅಸತ್ಯವಾದದ್ದು ಮಾತ್ರವಲ್ಲ, ಅಪಾಯಕರವಾದದ್ದು. ನಮ್ಮ ಜಿಲ್ಲೆಯ ಬಡ ಮನೆಗಳ ಹುಡುಗರಿಗಂತೂ ಇದು ಪ್ರತ್ಯಕ್ಷ ಹಾನಿಯನ್ನು ಮಾಡುತ್ತಿದೆ. ನಯವಾದ ಮಾತುಗಳಲ್ಲಿ ಮರೆಸಿ ಹೇಳುವ ವಿಷಯ ಇದಲ್ಲವಾದ್ದರಿಂದ ನೇರವಾಗಿಯೇ ಹೇಳುತ್ತೇನೆ.

ಮೊದಲು ಆಟದ ಲೆಕ್ಕವನ್ನೇ ನೋಡೋಣ. ರೇಡಿಗೆ ಹೋದವನಿಗೆ ಮೂವತ್ತು ಸೆಕೆಂಡುಗಳ ಕಾಲಾವಕಾಶ. ಆ ಅವಧಿಯಲ್ಲಿ ಆತನು ಒಬ್ಬನನ್ನು ಮುಟ್ಟಿ ಬಂದರೆ ಒಂದು ಅಂಕ, ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ, ಎದುರಿಗೆ ಆರು ಅಥವಾ ಏಳು ಜನ ಇರುವಾಗ ಬೋನಸ್ ಗೆರೆಯನ್ನು ದಾಟಿ ಕಾಲಿಟ್ಟರೆ ಇನ್ನೊಂದು ಅಂಕ, ಎಲ್ಲವೂ ಅವನೊಬ್ಬನ ಹೆಸರಿಗೇ ಜಮೆಯಾಗುತ್ತವೆ. ಅದೇ ಆ ರೇಡರನನ್ನು ಹಿಡಿದು ಕೆಡಹುವವರ ಪಾಲನ್ನು ಗಮನಿಸಿ: ಮೂಲೆಯಲ್ಲಿ ನಿಂತವನು ಕಣಕಾಲಿಗೆ ಕೈ ಹಾಕಿ ಹಿಡಿಯುತ್ತಾನೆ, ಪಕ್ಕದವನು ತೊಡೆಯನ್ನು ಅಪ್ಪುತ್ತಾನೆ, ಕವರಿನಲ್ಲಿದ್ದವನು ಎದೆಗೆ ಎದೆ ಕೊಟ್ಟು ಮಧ್ಯರೇಖೆಯ ದಾರಿಯನ್ನು ಕಟ್ಟುತ್ತಾನೆ, ನಾಲ್ಕನೆಯವನು ಬಂದು ಮೈಮೇಲೆ ಬಿದ್ದು ನೆಲಕ್ಕೆ ಅದುಮುತ್ತಾನೆ; ಇಷ್ಟು ಜನರ ಪ್ರಾಣಸಾಹಸಕ್ಕೆ ದೊರೆಯುವುದು ಒಂದೇ ಅಂಕ, ಮತ್ತು ಆ ಅಂಕವೂ ಬರೆಯಲ್ಪಡುವುದು ಒಬ್ಬನ ಹೆಸರಿನಲ್ಲಿ ಮಾತ್ರ. ಅಂಕಣದಲ್ಲಿ ಮೂವರೋ ಅದಕ್ಕೂ ಕಡಿಮೆ ಜನರೋ ಉಳಿದಾಗ ಹಿಡಿದರೆ ಎರಡು ಅಂಕ ಬರುತ್ತವೆಂಬುದು ನಿಜ. ಆದರೆ ಆ ಹಿಡಿತ ತಪ್ಪಿತೆಂದರೆ, ಕೈ ತಾಕಿಸಿದವರೆಲ್ಲರೂ ಹೊರಗೆ ಹೋಗಬೇಕು. ರೇಡರನು ತಪ್ಪಿದರೆ ತಾನೊಬ್ಬನೇ ಹೊರಗೆ ಕೂರುತ್ತಾನೆ. ರಕ್ಷಕನು ತಪ್ಪಿದರೆ ತನ್ನೊಂದಿಗೆ ಸಂಗಡಿಗರನ್ನೂ ಕಳೆದುಕೊಳ್ಳುತ್ತಾನೆ. ಇಂತಹ ವಿಷಮ ನಿಯಮಗಳ ಕೆಳಗೆ ಸಂಪಾದನೆಯಾದ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಯಾವ ನ್ಯಾಯ?

ಲೀಗಿನವರಿಗೆ ಈ ವೈಷಮ್ಯ ತಿಳಿಯದೆ ಇಲ್ಲ. ಒಂದು ಪಂದ್ಯದಲ್ಲಿ ರೇಡರನು ಹತ್ತು ಅಂಕ ಗಳಿಸಿದರೆ ಅದನ್ನು ‘ಸೂಪರ್ ಟೆನ್’ ಎಂದು ಕೊಂಡಾಡುವ ಅವರೇ, ಡಿಫೆಂಡರನು ಐದು ಅಂಕ ಗಳಿಸಿದರೆ ಅದನ್ನು ‘ಹೈ ಫೈವ್’ ಎಂದು ಗೌರವಿಸುತ್ತಾರೆ. ಅಂದರೆ ಹಿಡಿಯುವವನ ಐದು, ದಾಳಿ ಮಾಡುವವನ ಹತ್ತಕ್ಕೆ ಸಮವೆಂದು ತಾವೇ ಒಪ್ಪಿಕೊಂಡಂತಾಯಿತು. ಆದರೂ ವರ್ಷದ ಕೊನೆಗೆ ಹೊಸಬರನ್ನು ಹೋಲಿಸುವ ಸಮಯ ಬಂದಾಗ ಈ ಒಪ್ಪಿಗೆ ಎಲ್ಲಿ ಅಡಗಿಹೋಗುತ್ತದೆ? 2018ರ ಆರನೆಯ ಆವೃತ್ತಿಯಲ್ಲಿ ಯು.ಪಿ. ಯೋಧಾ ತಂಡದ ನಿತೇಶ್ ಕುಮಾರನು ನೂರು ಟ್ಯಾಕಲ್ ಅಂಕಗಳನ್ನು ಗಳಿಸಿದನು. ಒಂದೇ ಆವೃತ್ತಿಯಲ್ಲಿ ನೂರನ್ನು ಮುಟ್ಟಿದ ಡಿಫೆಂಡರನು ಅದಕ್ಕೆ ಹಿಂದೆ ಯಾರೂ ಇರಲಿಲ್ಲ. ಅದೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡದ ರೇಡರ್ ಪವನ್ ಸೆಹ್ರಾವತನು 271 ರೇಡ್ ಅಂಕಗಳನ್ನು ಗಳಿಸಿದನು. ಹಾಗಾದರೆ ನಿತೇಶನು ಪವನನ ಮೂರರಲ್ಲಿ ಒಂದು ಪಾಲಿನ ಆಟಗಾರನೆಂದು ಕಬಡ್ಡಿಯ ಗಂಧವಿದ್ದವನು ಯಾವನಾದರೂ ಹೇಳಿಯಾನೆ? ಅನುಭವಿಗಳ ವಿಷಯದಲ್ಲಿ ಹೇಳಲು ನಾಚುವ ಈ ಮಾತನ್ನು ಹೊಸ ಹುಡುಗರ ವಿಷಯದಲ್ಲಿ ನಾವು ನಿಸ್ಸಂಕೋಚವಾಗಿ ಹೇಳುತ್ತಿದ್ದೇವಲ್ಲ, ಅವರು ನಮಗೆ ಎದುರಾಡಲಾರರೆಂದೇ ಅಲ್ಲವೆ?

ಇನ್ನೂ ಆಳಕ್ಕೆ ಇಳಿದರೆ, ರೇಡರನ ಅಂಕಗಳೆಂದು ನಾವು ಕರೆಯುವವು ಪೂರ್ತಿಯಾಗಿ ರೇಡರನವೇ ಅಲ್ಲ. ಹಿಡಿಯಲ್ಪಟ್ಟ ರೇಡರನು ಹೊರಗೆ ಕುಳಿತಿರುತ್ತಾನೆ; ಅವನ ಕಡೆಯವರು ಎದುರಾಳಿಯನ್ನು ಹಿಡಿದರೆ ಮಾತ್ರ, ಇಲ್ಲವೆ ಉಳಿದ ಸಂಗಡಿಗನೊಬ್ಬನು ಮುಟ್ಟಿ ಬಂದರೆ ಮಾತ್ರ, ಅವನಿಗೆ ಪುನರ್ಜೀವನ. ಬಲವಾದ ರಕ್ಷಣೆಯುಳ್ಳ ತಂಡದ ರೇಡರನು ನಿಮಿಷದೊಳಗೆ ಒಳಗೆ ಬಂದು ಮತ್ತೆ ದಾಳಿಗೆ ಹೊರಡುತ್ತಾನೆ; ದುರ್ಬಲವಾದ ರಕ್ಷಣೆಯುಳ್ಳ ತಂಡದಲ್ಲಿ ಅವನಷ್ಟೇ ಚುರುಕಾದ ಇನ್ನೊಬ್ಬ ಹೊಸಬನು ಪಂದ್ಯದ ಅರ್ಧ ಭಾಗವನ್ನು ಹೊರಗೆ ಕೂತೇ ಕಳೆಯುತ್ತಾನೆ. ಇಬ್ಬರ ಮೊತ್ತಗಳನ್ನೂ ಹೋಲಿಸುವಾಗ ನಾವು ಯಾರನ್ನು ಯಾರೊಂದಿಗೆ ಹೋಲಿಸುತ್ತಿದ್ದೇವೆ? 2018ರಲ್ಲಿ ಕೊಲ್ಲಾಪುರ ಸೀಮೆಯ ಸಿದ್ಧಾರ್ಥ ದೇಸಾಯಿಯು ಯು ಮುಂಬಾ ತಂಡದ ಪರವಾಗಿ ತನ್ನ ಚೊಚ್ಚಲ ಆವೃತ್ತಿಯಲ್ಲಿಯೇ 218 ರೇಡ್ ಅಂಕಗಳನ್ನು ತಂದು ಹೊಸಬರ ಪ್ರಶಸ್ತಿಯನ್ನು ಪಡೆದನು. ಅವನ ಪರಾಕ್ರಮವನ್ನು ನಾನು ಕಿರಿದುಮಾಡುತ್ತಿಲ್ಲ. ಆದರೆ ಅವನ ಬೆನ್ನಿಗೆ ನಿಂತಿದ್ದವನು ಇರಾನಿನ ಫಜಲ್ ಅತ್ರಾಚಲಿ; ಎಡ ಮೂಲೆಯಲ್ಲಿ ನಿಂತು ಎದುರಾಳಿಗಳ ಕಣಕಾಲನ್ನು ಹಿಡಿಯುವುದರಲ್ಲಿ ಅವನ ಸಮಾನರು ವಿರಳ. ಮರುವರ್ಷದ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡವು 1.45 ಕೋಟಿ ರೂಪಾಯಿ ತೆತ್ತು, ಆ ವರ್ಷದ ಎಲ್ಲರಿಗಿಂತ ಹೆಚ್ಚಿನ ಬೆಲೆಗೆ, ಸಿದ್ಧಾರ್ಥನನ್ನು ಕೊಂಡಿತು. ಅವನು ಅಲ್ಲಿಯೂ ಇನ್ನೂರಕ್ಕಿಂತ ಹೆಚ್ಚು ಅಂಕ ತಂದನು. ತಂಡ ಮಾತ್ರ ಪ್ಲೇ ಆಫ್ ಹಂತವನ್ನೂ ಮುಟ್ಟಲಿಲ್ಲ. ಅಂಕಗಳು ಇದ್ದವು, ಫಲ ಇರಲಿಲ್ಲ. ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಕಂಡು ಬೆರಗಾಗುವ ಪರಸ್ಥಳದವರು, ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸಿದ ಕೊಂಡಿಯನ್ನು ಕಾಣುವುದೇ ಇಲ್ಲ. ಆ ಜೋಡಣೆ ಬಿಟ್ಟರೆ ಸೆರಗೂ ಇಲ್ಲ, ಸೀರೆಯೂ ಇಲ್ಲ ಎಂಬುದನ್ನು ನಮ್ಮ ನೇಕಾರರ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ ಅದೇ ಮಕ್ಕಳು ಕಬಡ್ಡಿಯ ಅಂಕಣವನ್ನು ನೋಡುವಾಗ ಪರಸ್ಥಳದವರ ಕಣ್ಣನ್ನು ಹಾಕಿಕೊಂಡು ಕೂರುತ್ತಾರೆ.

ಈ ಭ್ರಾಂತಿ ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ; ಲೀಗು, ಹರಾಜು, ಪ್ರಶಸ್ತಿಗಳ ಜೊತೆಯಲ್ಲಿಯೇ ಅದೂ ಬಂದಿತು. ಆದ್ದರಿಂದ ಇದು ಎಲ್ಲಿ ಪೂರ್ಣ ಬೆಳವಣಿಗೆ ಪಡೆದಿದೆಯೋ ಆ ಅಮೆರಿಕದ ಫುಟ್‌ಬಾಲನ್ನು ಒಮ್ಮೆ ನೋಡಿ ಬರುವುದು ಯುಕ್ತ. ಅಲ್ಲಿ ಕಾಲಿನಿಂದ ಒದೆಯುವುದಕ್ಕಿಂತ ಕೈಯಿಂದ ಎಸೆದು, ಅಪ್ಪಿಕೊಂಡು ಓಡುವ ಆಟವೇ ಪ್ರಧಾನ. ಬಹುಮಟ್ಟಿಗೆ ಪ್ರತಿಯೊಂದು ಆಕ್ರಮಣವೂ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಆಟಗಾರನ ಕೈಯಿಂದ ಆರಂಭವಾಗುತ್ತದೆ. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು ಪ್ರತಿವರ್ಷವೂ ಆಕ್ರಮಣದ ಹೊಸಬನಿಗೊಂದು, ರಕ್ಷಣೆಯ ಹೊಸಬನಿಗೊಂದು ಎಂದು ಎರಡು ಪ್ರಶಸ್ತಿಗಳನ್ನು ಬೇರೆಬೇರೆಯಾಗಿ ಕೊಡುತ್ತದೆ. ಈ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಆದರೂ ಆಕ್ರಮಣದ ಪ್ರಶಸ್ತಿಯ ಚರ್ಚೆ ಬಹುಪಾಲು ವರ್ಷಗಳಲ್ಲಿ ಹೊಸ ಕ್ವಾರ್ಟರ್‌ಬ್ಯಾಕುಗಳ ಹೋಲಿಕೆಗೇ ಇಳಿಯುತ್ತದೆ: ಇವನು ಎಷ್ಟು ಗಜ ಎಸೆದನು, ಅವನು ಎಷ್ಟು ಸಲ ಗುರಿ ಮುಟ್ಟಿಸಿದನು! ಆ ಕ್ವಾರ್ಟರ್‌ಬ್ಯಾಕನ ಮುಂದೆ ಐದು ಜನ ದೇಹವನ್ನೇ ಗೋಡೆಯಾಗಿಸಿ ನಿಂತು, ಅವನಿಗೆ ಎಸೆಯಲು ಬೇಕಾದ ಮೂರು ಕ್ಷಣಗಳನ್ನು ದೊರಕಿಸಿಕೊಡುತ್ತಾರೆ. ಆ ಐವರ ಸಾಲಿನ ಒಬ್ಬ ಹೊಸಬನಿಗೂ ಆ ಪ್ರಶಸ್ತಿ ಇದುವರೆಗೆ ಬಂದಿಲ್ಲ.

2012ರ ಕಥೆಯನ್ನು ಅಲ್ಲಿಯ ಜನ ಇನ್ನೂ ಮರೆತಿಲ್ಲ. ಆ ವರ್ಷ ಆಂಡ್ರ್ಯೂ ಲಕ್, ರಾಬರ್ಟ್ ಗ್ರಿಫಿನ್, ರಸೆಲ್ ವಿಲ್ಸನ್ ಎಂಬ ಮೂವರು ಹೊಸ ಕ್ವಾರ್ಟರ್‌ಬ್ಯಾಕುಗಳ ಹೋಲಿಕೆ ದೇಶವನ್ನೇ ಆವರಿಸಿತ್ತು. ಪ್ರಶಸ್ತಿ ವಾಷಿಂಗ್ಟನ್ನಿನ ಗ್ರಿಫಿನನಿಗೆ ಹೋಯಿತು. ಆದರೆ ಅದು ಘೋಷಿತವಾಗುವ ಹೊತ್ತಿಗೆ ಆ ತರುಣನ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿದುಹೋಗಿತ್ತು. ಮೊದಲೇ ನೊಂದಿದ್ದ ಕಾಲಿನಲ್ಲಿಯೇ 2013ರ ಜನವರಿಯ ನಿರ್ಣಾಯಕ ಪಂದ್ಯವನ್ನು ಅವನಿಂದ ಆಡಿಸಲಾಗಿತ್ತು; ಅಂಕಣದ ಮೇಲೆಯೇ ಅವನ ಮೊಣಕಾಲು ಕುಸಿಯುವುದನ್ನು ಲಕ್ಷಾಂತರ ಜನ ಕಂಡಿದ್ದರು. ಮೊದಲ ವರ್ಷದ ಆ ವೇಗ, ಆ ಓಟ ಅವನಿಗೆ ಮರಳಿ ಬರಲೇ ಇಲ್ಲ. ಆ ಪಂದ್ಯದಲ್ಲಿ ಅವನೆದುರಿಗೆ ಆಡಿದ ವಿಲ್ಸನ್, ಹೊಸ ಆಟಗಾರರ ಆಯ್ಕೆಯ ಮೂರನೆಯ ಸುತ್ತಿನವರೆಗೂ ಯಾರಿಗೂ ಬೇಡವಾಗಿದ್ದವನು, ಮರುವರ್ಷ ತನ್ನ ಸಿಯಾಟಲ್ ತಂಡಕ್ಕೆ ಪರಮ ಪ್ರಶಸ್ತಿಯನ್ನೇ ತಂದನು. ಒಬ್ಬ ಹುಡುಗನ ಮೊದಲ ವರ್ಷವನ್ನೇ ಅವನ ಪರಮಾವಧಿಯನ್ನಾಗಿ ಕಾಣುವ ಸಮಾಜವು ಆ ಹುಡುಗನಿಂದ ಎರಡನೆಯ ವರ್ಷವನ್ನು ಕಿತ್ತುಕೊಳ್ಳುತ್ತದೆ. ಮುಂದೆ ಆ ಆಟದ ದಿಗ್ಗಜನೆನಿಸಿದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯು 2000ದಲ್ಲಿ 199ನೆಯವನಾಗಿ ಆಯ್ಕೆಯಾಗಿ, ಆ ಇಡೀ ವರ್ಷದಲ್ಲಿ ಮೂರೇ ಮೂರು ಸಲ ಚೆಂಡನ್ನು ಎಸೆದನು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸನು 2017ರಲ್ಲಿ ಒಂದೇ ಪಂದ್ಯವನ್ನಾಡಿ, ಹಿರಿಯನೊಬ್ಬನ ಹಿಂದೆ ಕುಳಿತು ಕಲಿತು, ಮರುವರ್ಷವೇ ಲೀಗಿನ ಸರ್ವಶ್ರೇಷ್ಠ ಆಟಗಾರನೆನಿಸಿದನು. ಹೊಸಬರ ಹೋಲಿಕೆಯ ಪಟ್ಟಿಯಲ್ಲಿ ಇವರಿಬ್ಬರಿಗೂ ಜಾಗವಿರಲಿಲ್ಲ.

ದೂರದ ಉದಾಹರಣೆ ಏಕೆ, ನಮ್ಮದೇ ರಾಜಧಾನಿಯ ತಂಡವನ್ನು ನೋಡಿರಿ. 2015ರ ಎರಡನೆಯ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡಕ್ಕೆ ಹರಿಯಾಣದ ಎಳೆಯ ಹುಡುಗನೊಬ್ಬನು ಬಂದನು. ಅವಕಾಶಗಳು ಕೆಲವೇ, ಅವನು ತಂದ ಅಂಕಗಳು ಹತ್ತನ್ನೂ ಮುಟ್ಟಲಿಲ್ಲ. ಮೊದಲ ವರ್ಷದ ಮೊತ್ತವೇ ಪ್ರಮಾಣವಾಗಿದ್ದ ಮೇಲೆ ಅವನ ಹಣೆಯಲ್ಲಿ ಬರೆದಿದ್ದುದು ಬಿಡುಗಡೆಯೇ ಅಲ್ಲದೆ ಇನ್ನೇನು? ಅವನು ಪಟ್ನಾ ಪೈರೇಟ್ಸ್ ತಂಡಕ್ಕೆ ಹೋದನು. ಪಟ್ನಾ ತಂಡವು ಮೂರನೆಯ, ನಾಲ್ಕನೆಯ, ಐದನೆಯ ಆವೃತ್ತಿಗಳನ್ನು ಒಂದರ ಮೇಲೊಂದರಂತೆ ಗೆದ್ದಿತು. ಐದನೆಯದರಲ್ಲಿ ಆ ಹುಡುಗನೊಬ್ಬನೇ 369 ರೇಡ್ ಅಂಕಗಳನ್ನು ಸಂಪಾದಿಸಿದನು. ಅವನೇ ಪ್ರದೀಪ್ ನರ್ವಾಲ್. ಆಟದಿಂದ ನಿವೃತ್ತನಾಗುವಾಗ 1,801 ರೇಡ್ ಅಂಕಗಳೊಡನೆ ಲೀಗಿನ ಇತಿಹಾಸದಲ್ಲಿಯೇ ಅಗ್ರಗಣ್ಯನಾಗಿದ್ದವನು. ಬೆಂಗಳೂರು ಅವನನ್ನು ಕೈಯಲ್ಲಿ ಹಿಡಿದಿತ್ತು, ಮತ್ತು ಬಿಟ್ಟುಕೊಟ್ಟಿತು. ಪವನ್ ಸೆಹ್ರಾವತನ ವೃತ್ತಾಂತವೂ ಇದಕ್ಕಿಂತ ಬಹಳ ಭಿನ್ನವಲ್ಲ. 2016ರಲ್ಲಿ ಬುಲ್ಸ್ ತಂಡದಲ್ಲಿಯೇ ಆರಂಭಿಸಿದವನು, ಮಿಂಚಲಿಲ್ಲ; ಗುಜರಾತಿನ ತಂಡಕ್ಕೆ ಹೋಗಿ ಬಹುಪಾಲು ಕಾಯುವುದರಲ್ಲಿಯೇ ಒಂದು ಆವೃತ್ತಿಯನ್ನು ಕಳೆದನು; ಅನಂತರ 2018ರಲ್ಲಿ ಬೆಂಗಳೂರಿಗೆ ಮರಳಿದನು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ತನ್ನನ್ನು ಕಾಯಿಸಿದ ಅದೇ ಗುಜರಾತ್ ತಂಡದ ವಿರುದ್ಧ, ಅವನೊಬ್ಬನೇ 22 ಅಂಕಗಳನ್ನು ತಂದು ಕರ್ನಾಟಕಕ್ಕೆ ಪ್ರಥಮ ಪ್ರಶಸ್ತಿಯನ್ನು ಗೆದ್ದುಕೊಟ್ಟನು. ಪ್ರದೀಪನೂ ಪವನನೂ ತಮ್ಮ ತಮ್ಮ ಮೊದಲ ವರ್ಷದಲ್ಲಿ ನಮ್ಮ ಚಹದಂಗಡಿಯ ತುಲನೆಗೆ ಸಿಕ್ಕಿದ್ದರೆ ಎಷ್ಟನೆಯ ಸ್ಥಾನ ಪಡೆಯುತ್ತಿದ್ದರು? ಎರಡನೆಯ ಅವಕಾಶ ದೊರೆಯದೆ, ಮೊದಲ ವರ್ಷದ ಬಡ ಮೊತ್ತವನ್ನು ಹೊತ್ತುಕೊಂಡು ಊರಿಗೆ ಮರಳಿ, ಹೆಸರೂ ಉಳಿಯದಂತೆ ಅಳಿಸಿಹೋದ ಹುಡುಗರೆಷ್ಟು ಮಂದಿ? ಅವರನ್ನು ಲೆಕ್ಕವಿಟ್ಟವರು ಯಾರೂ ಇಲ್ಲ, ಏಕೆಂದರೆ ಈ ಲೆಕ್ಕಕ್ಕೆ ಅಂಕಗಳಿಲ್ಲ.

ಇನ್ನು ನಮ್ಮ ಊರುಗಳಿಗೆ ಬರೋಣ. ಏಕೆಂದರೆ ನನ್ನ ಸಂಕಟದ ಮೂಲ ಇರುವುದು ಇಲ್ಲಿ. ಪುಷ್ಯ ಮಾಸದ ಬನಶಂಕರಿಯ ಜಾತ್ರೆಯ ಸುಮಾರಿಗೆ ಆರಂಭವಾಗಿ ಬೇಸಗೆಯ ಕೊನೆಯವರೆಗೆ ನಮ್ಮ ಸೀಮೆಯಲ್ಲಿ ಜಾತ್ರೆಗಳ ಸರಣಿಯೇ ನಡೆಯುತ್ತದೆ. ಕುಸ್ತಿಯ ಕಣವೂ ಕಬಡ್ಡಿಯ ಅಂಕಣವೂ ಇಲ್ಲದ ಜಾತ್ರೆ ಜಾತ್ರೆಯೆಂದು ಅನ್ನಿಸುವುದೇ ಇಲ್ಲ. ಹಿಂದೆ ಮಸಾರಿ ಮಣ್ಣನ್ನು ಹದಮಾಡಿ ಹಾಸಿ, ಸುಣ್ಣದ ಗೆರೆ ಎಳೆದು ಆಡಿಸುತ್ತಿದ್ದರು. ಈಗ ಅನೇಕ ಕಡೆ ಹೊನಲು ಬೆಳಕು ಬಂದಿದೆ, ಮ್ಯಾಟೂ ಬಂದಿದೆ. ಅವುಗಳ ಜೊತೆಯಲ್ಲಿ ಲೀಗಿನ ಈ ಅಂಕಭ್ರಾಂತಿಯೂ ಬಂದು ಕುಳಿತಿದೆ. ಶಾಲೆಯ ಮೈದಾನದಲ್ಲಿ ಹತ್ತು ಹುಡುಗರನ್ನು ನಿಲ್ಲಿಸಿ ಯಾರು ಎಲ್ಲಿ ಆಡುತ್ತೀರಿ ಎಂದು ಕೇಳಿ ನೋಡಿರಿ. ಎಂಟು ಹುಡುಗರು ರೇಡರುಗಳಾಗಬಯಸುತ್ತಾರೆ, ಉಳಿದಿಬ್ಬರು ಮಾತಾಡುವುದಿಲ್ಲ. ಮೂಲೆಯಲ್ಲಿ ನಿಲ್ಲು ಎಂದರೆ ತನ್ನನ್ನು ಶಿಕ್ಷಿಸಿದಂತೆ ಹುಡುಗನ ಮುಖ ಸಪ್ಪಗಾಗುತ್ತದೆ. “ಹಿಡಿಯೂದ್ರಾಗ ಏನೈತ್ರಿ ಸರ, ಒಳಗ ಹೋಗಿ ಮುಟ್ಟಿ ಬಂದವನ ಹೆಸರಽ ಬರೂದು” ಎಂಬ ಮಾತನ್ನು ನಮ್ಮ ದೈಹಿಕ ಶಿಕ್ಷಕರೆಲ್ಲರೂ ಕೇಳಿರಬೇಕು. ಆ ಹುಡುಗನದು ತಪ್ಪೆ? ಅನೇಕ ಊರುಗಳಲ್ಲಿ ಉತ್ತಮ ರೇಡರನಿಗೆ ಇಡುವ ಬಹುಮಾನಕ್ಕೂ ಉತ್ತಮ ಕ್ಯಾಚರನಿಗೆ ಇಡುವ ಬಹುಮಾನಕ್ಕೂ ಇರುವ ಅಂತರವನ್ನು ಅವನು ಕಣ್ಣಾರೆ ಕಂಡಿದ್ದಾನೆ. ಧ್ವನಿವರ್ಧಕದಲ್ಲಿ ಯಾರ ಹೆಸರನ್ನು ಕೂಗುತ್ತಾರೆಂಬುದನ್ನು ಕೇಳಿದ್ದಾನೆ. ನಾವು ಕಲಿಸಿದ ಪಾಠವನ್ನೇ ಅವನು ಒಪ್ಪಿಸುತ್ತಿದ್ದಾನೆ.

ಇದರ ಫಲ ಅವನ ದೇಹದ ಮೇಲೆ ಬೀಳುತ್ತದೆ. ಮೂಳೆ ಇನ್ನೂ ಬಲಿಯದ ಹದಿನಾರರ ಹುಡುಗನು, ಒಂದೇ ರಾತ್ರಿಯಲ್ಲಿ ಮೂರು ಪಂದ್ಯಗಳನ್ನಾಡಿ, ತನ್ನ ತಂಡದ ಎಲ್ಲ ದಾಳಿಗಳನ್ನೂ ತಾನೇ ಮಾಡಹೊರಟರೆ ಅವನ ಮೊಣಕಾಲಿನ ಗತಿಯೇನು? ಗ್ರಿಫಿನನ ಮೊಣಕಾಲಿಗೆ ಆ ದೇಶದ ಶ್ರೇಷ್ಠ ಶಸ್ತ್ರವೈದ್ಯರಿದ್ದರು; ಇಳಕಲ್ಲಿನ ಗ್ರಾನೈಟ್ ಗಣಿಯಲ್ಲಿ ದುಡಿಯುವವನ ಮಗನಿಗೆ, ಹುನಗುಂದದ ಎರೆ ಹೊಲದಲ್ಲಿ ಕೂಲಿ ಮಾಡುವವಳ ಮಗನಿಗೆ ಯಾರಿದ್ದಾರೆ? ಸ್ನಾಯುಬಂಧ ಹರಿದ ಹುಡುಗನು ನಾಟಿ ಎಣ್ಣೆ ತಿಕ್ಕಿಸಿಕೊಂಡು, ಪಟ್ಟಿ ಸುತ್ತಿಕೊಂಡು, ಮುಂದಿನ ಜಾತ್ರೆಗೆ ಮತ್ತೆ ಇಳಿಯುತ್ತಾನೆ. ಇಪ್ಪತ್ತು ತುಂಬುವುದರೊಳಗೆ ಅವನ ಆಟ ಮುಗಿಯುತ್ತದೆ. ನಮ್ಮ ಗರಡಿಗಳ ವಸ್ತಾದರು ಇಂತಹ ಅವಿವೇಕವನ್ನು ಸಹಿಸುತ್ತಿರಲಿಲ್ಲ. ಹೊಸ ಹುಡುಗನು ಮಣ್ಣನ್ನು ಅಗೆದು ಹದಮಾಡಬೇಕಾಗಿತ್ತು, ಸಾಮು ಮಾಡಬೇಕಾಗಿತ್ತು, ಹಿರಿಯರಿಗೆ ಜೋಡಿಯಾಗಿ ನಿಂತು ಬಿದ್ದು ಬಿದ್ದು ಕಲಿಯಬೇಕಾಗಿತ್ತು. ಅವನನ್ನು ಯಾವಾಗ ಕಣಕ್ಕೆ ಬಿಡಬೇಕೆಂಬುದನ್ನು ವಸ್ತಾದನು ತೀರ್ಮಾನಿಸುತ್ತಿದ್ದನೇ ಹೊರತು ನೆರೆದ ಜನರ ಚಪ್ಪಾಳೆಯಲ್ಲ. ಗರಡಿಯ ಆ ತಾಳ್ಮೆಯನ್ನು ಕಳೆದುಕೊಂಡು ನಾವು ಪಡೆದುದಾದರೂ ಏನು?

ಸಂಖ್ಯೆಗಳು ಸುಳ್ಳು ಹೇಳುವುದಿಲ್ಲವೆಂದು ಈ ಮತದವರು ಉತ್ತರಿಸುತ್ತಾರೆ. ಸಂಖ್ಯೆಗಳು ತಾವು ಎಣಿಸಿದ್ದನ್ನು ಮಾತ್ರ ಹೇಳುತ್ತವೆ. ಎಣಿಸದೆ ಬಿಟ್ಟದ್ದನ್ನು ಹೇಳುವುದಿಲ್ಲ. ಹಾಗಾದರೆ ಗೆಲುವುಗಳನ್ನೇ ಎಣಿಸೋಣ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡವು, 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಆ ಕೂಟವನ್ನು ಪ್ರವೇಶಿಸಿದಂದಿನಿಂದ ಒಮ್ಮೆಯೂ ಬಿಟ್ಟುಕೊಡದ ಚಿನ್ನವನ್ನು ಕಳೆದುಕೊಂಡಿತು. ಉಪಾಂತ್ಯದಲ್ಲಿ ಇರಾನ್ 27, ಭಾರತ 18. ದೇಶದ ಹೆಸರಾಂತ ರೇಡರುಗಳನ್ನು ಹೊಂದಿದ ತಂಡಕ್ಕೆ ಇಡೀ ಪಂದ್ಯದಲ್ಲಿ ಇಪ್ಪತ್ತು ಅಂಕಗಳೂ ದಕ್ಕಲಿಲ್ಲ. ಏಕೆಂದರೆ ಎದುರಿಗೆ ನಿಂತವರು ಹಿಡಿಯುವುದನ್ನು ಒಂದು ವಿದ್ಯೆಯಾಗಿ ಅಭ್ಯಾಸ ಮಾಡಿದವರಾಗಿದ್ದರು. 2024ರ ಮಾರ್ಚ್ ಒಂದರಂದು ಹೈದರಾಬಾದಿನಲ್ಲಿ ಹತ್ತನೆಯ ಆವೃತ್ತಿಯನ್ನು ಗೆದ್ದ ಪುಣೇರಿ ಪಲ್ಟನ್ ತಂಡದ ಗುರು ನಮ್ಮ ಕನ್ನಡಿಗ ಬಿ. ಸಿ. ರಮೇಶ ಅವರಾಗಿದ್ದರು; ಆ ಅಂತಿಮ ಪಂದ್ಯದ ಅಂಕಗಳು 28 ಮತ್ತು 25, ಅಂದರೆ ಹಿಡಿತದ ಮೇಲೆಯೇ ನಿರ್ಣಯವಾದ ಪಂದ್ಯ. ಅದೇ ವರ್ಷದ ಕೊನೆಯಲ್ಲಿ ಹನ್ನೊಂದನೆಯ ಆವೃತ್ತಿಯ ಅಂತಿಮ ಪಂದ್ಯಕ್ಕೆ ಪಟ್ನಾ ತಂಡವು ಆ ವರ್ಷ ಮುನ್ನೂರಕ್ಕೂ ಹೆಚ್ಚು ರೇಡ್ ಅಂಕ ಗಳಿಸಿದ್ದ ದೇವಾಂಕ್ ದಲಾಲನನ್ನು ಮುಂದಿಟ್ಟುಕೊಂಡು ಬಂದಿತು. ಹರಿಯಾಣ ಸ್ಟೀಲರ್ಸ್ ತಂಡದ ರಕ್ಷಕರು ಅವನನ್ನು ಕಟ್ಟಿಹಾಕಿದರು, ಪಂದ್ಯ 32ಕ್ಕೆ 23ರಂತೆ ಹರಿಯಾಣದ ಪಾಲಾಯಿತು. ಇಷ್ಟು ಸ್ಪಷ್ಟವಾಗಿ ಆಟವೇ ಉತ್ತರ ಕೊಡುತ್ತಿರುವಾಗ, 2022ರಲ್ಲಿ ತಮಿಳ್ ತಲೈವಾಸಿನ ನರೇಂದರನು ಚೊಚ್ಚಲ ಆವೃತ್ತಿಯಲ್ಲಿ 243 ರೇಡ್ ಅಂಕ ತಂದನೆಂಬುದನ್ನು ಬಾಯಿಪಾಠ ಹೇಳುವ ನಮ್ಮ ತರುಣರಿಗೆ, ಅವನ ಹಿಂದೆ ನಿಂತು ರೇಡರುಗಳನ್ನು ಕೆಡಹಿದವರ ಅಂಕಗಳು ಏಕೆ ನೆನಪಿಲ್ಲ?

ಪ್ರಶಸ್ತಿಯಿಂದ ಹೊಸಬರಿಗೆ ಪ್ರೋತ್ಸಾಹ ದೊರೆಯುತ್ತದೆಂಬುದು ಇನ್ನೊಂದು ಸಮರ್ಥನೆ. ಒಬ್ಬನಿಗೆ ದೊರೆಯುತ್ತದೆ, ನಿಜ. ಅವನೂ ಬಹುಮಟ್ಟಿಗೆ ಈಗಾಗಲೇ ಎಲ್ಲರ ಕಣ್ಣಿಗೆ ಬಿದ್ದವನೇ. ಪ್ರೋತ್ಸಾಹ ನಿಜವಾಗಿ ಬೇಕಾದವನು ಮೂಲೆಯಲ್ಲಿ ನಿಂತು, ತನ್ನ ಹೆಸರಿಗೆ ಬಾರದ ಹಿಡಿತಗಳಲ್ಲಿ ಪಕ್ಕೆಲುಬು ನೋಯಿಸಿಕೊಂಡವನು. ಮತ್ತು ಹೆಣ್ಣುಮಕ್ಕಳು? ಕಾರ್ಕಳದ ಸೀಮೆಯ ಮಮತಾ ಪೂಜಾರಿಯವರು 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿ ಗೆದ್ದು ಬಂದರು, 2014ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಅವರಿಗೆ ಮುನ್ನ ನಮ್ಮವರೇ ಆದ ತೇಜಸ್ವಿನಿ ಬಾಯಿಯವರು 2011ರಲ್ಲಿ ಅದೇ ಗೌರವಕ್ಕೆ ಪಾತ್ರರಾಗಿದ್ದರು. ಅಂತಹ ರಾಜ್ಯದ ಹುಡುಗಿಯರಿಗೆ ಪ್ರೊ ಕಬಡ್ಡಿಯು ಕೊಟ್ಟದ್ದು 2016ರಲ್ಲಿ ಮೂರೇ ತಂಡಗಳ ಒಂದು ಪಂದ್ಯಾವಳಿ, ಅದೂ ಮುಂದುವರಿಯಲಿಲ್ಲ. ಯಾವ ಹೊಸಬನು ಶ್ರೇಷ್ಠನೆಂದು ಅಹೋರಾತ್ರಿ ವಾದಿಸುವ ನಾವು, ಯಾವ ಹೊಸಬಳು ಎಂದು ಒಮ್ಮೆಯಾದರೂ ಕೇಳಿದ್ದೇವೆಯೆ?

ಆದುದರಿಂದ ನನ್ನ ಆಗ್ರಹ ಇಷ್ಟು. ಲೀಗನ್ನು ನಡೆಸುವವರು ಹೊಸಬರ ಪ್ರಶಸ್ತಿಯನ್ನು ಮೊದಲ ವರ್ಷದ ಕೊನೆಗೆ ಕೊಡುವುದನ್ನು ಕೈಬಿಡಲಿ. ಕೊಡಲೇಬೇಕೆಂದಿದ್ದರೆ ಮೂರನೆಯ ಆವೃತ್ತಿಯ ತುದಿಗೆ, ದಾಳಿಗೂ ರಕ್ಷಣೆಗೂ ಬೇರೆಬೇರೆಯಾಗಿ ಕೊಡಲಿ. ಮತ್ತು ಹಿಡಿತದಲ್ಲಿ ಕೈ ಸೇರಿಸಿದ ಪ್ರತಿಯೊಬ್ಬನ ಹೆಸರನ್ನೂ ಅಧಿಕೃತ ದಾಖಲೆಯಲ್ಲಿ ಬರೆಯಲಿ. ಆದರೆ ಅವರು ನಮ್ಮ ಮಾತಿಗೆ ಕಾದು ಕೂತಿಲ್ಲ; ನಾವೂ ಅವರಿಗಾಗಿ ಕಾಯಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಜಾತ್ರಾ ಸಮಿತಿಗಳು, ಯುವಕ ಮಂಡಳಿಗಳು, ಶಾಲೆ ಕಾಲೇಜುಗಳ ಕ್ರೀಡಾ ವಿಭಾಗಗಳು ಬರುವ ಬನಶಂಕರಿ ಜಾತ್ರೆಯಿಂದಲೇ ಇದನ್ನು ಆರಂಭಿಸಬಲ್ಲವು. ಇದಕ್ಕೆ ಹಣ ಬೇಕಾಗಿಲ್ಲ, ಸರಕಾರದ ಆದೇಶ ಬೇಕಾಗಿಲ್ಲ. ಉತ್ತಮ ರೇಡರನಿಗೂ ಉತ್ತಮ ಕ್ಯಾಚರನಿಗೂ ಇಡುವ ಬಹುಮಾನ ಒಂದೇ ಮೊತ್ತದ್ದಾಗಿರಲಿ. ಹದಿನೆಂಟು ತುಂಬದ ಹುಡುಗನನ್ನು ಒಂದೇ ರಾತ್ರಿಯಲ್ಲಿ ಎರಡಕ್ಕಿಂತ ಹೆಚ್ಚು ಪಂದ್ಯಗಳಿಗೆ ಇಳಿಸಕೂಡದೆಂದು ನಿಯಮ ಮಾಡಲಿ. ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದವನನ್ನು ಪಂಚರು ಅಂಕಣದ ಹೊರಗೇ ನಿಲ್ಲಿಸಲಿ, ಅವನ ತಂಡದವರು ಎಷ್ಟೇ ಕೂಗಾಡಿದರೂ ನಿಲ್ಲಿಸಲಿ. ಗಂಡುಹುಡುಗರ ಪಂದ್ಯಾವಳಿ ನಡೆಸುವ ಪ್ರತಿಯೊಂದು ಸಮಿತಿಯೂ ಅದೇ ಅಂಕಣದಲ್ಲಿ, ಅದೇ ಬೆಳಕಿನಲ್ಲಿ, ಹುಡುಗಿಯರ ಪಂದ್ಯಗಳನ್ನೂ ಆಡಿಸಲಿ. ಅಂಕ ಬರೆಯುವವನ ಹಾಳೆಯಲ್ಲಿ ಇನ್ನೊಂದು ಕಂಬಸಾಲನ್ನು ಎಳೆದು, ಯಾರು ಕಾಲು ಹಿಡಿದರು, ಯಾರು ದಾರಿ ಕಟ್ಟಿದರು, ಯಾರು ಕೆಡಹಿದರು ಎಂಬುದೆಲ್ಲವನ್ನೂ ಬರೆದು, ಪಂದ್ಯ ಮುಗಿದೊಡನೆ ಆ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಓದಿ ಹೇಳಲಿ. ಈ ವರ್ಷ ಒಂದೇ ಒಂದು ಊರು ಹೀಗೆ ಮಾಡಲಿ; ಮರುವರ್ಷ ಆ ಊರಿನ ಶಾಲೆಯ ಮೈದಾನಕ್ಕೆ ಹೋಗಿ, ಮೂಲೆಯಲ್ಲಿ ನಿಲ್ಲಲು ಯಾರು ಸಿದ್ಧರೆಂದು ಹುಡುಗರನ್ನು ಕೇಳೋಣ.